ಓದದೆ ಹಾಕಿದ ಸಹಿ

ನನ್ನ ಅಕ್ಷರ ಚೆನ್ನಾಗಿದೆ ಎಂದು ಮೊದಲು ಹೇಳಿದವರು ಶಾಲೆಯ ಮೇಷ್ಟ್ರು. ಆ ಹೊಗಳಿಕೆಯಿಂದ ನನಗಾದ ಲಾಭ ಒಂದೇ. ಓದು ಅರ್ಧಕ್ಕೆ ನಿಂತ ಮೇಲೆ ತೀರ್ಥಹಳ್ಳಿಯ ಒಂದು ಖಾಸಗಿ ಬಸ್ ಕಂಪನಿಯಲ್ಲಿ ರೈಟರ್ ಕೆಲಸ ಸಿಕ್ಕಿತು. ರೈಟರ್ ಎಂದರೆ ಶೆಡ್ಡಿನ ಗುಮಾಸ್ತ. ಮಾರನೇ ದಿನ ಯಾವ ಬಸ್ಸು ಯಾವ ರೂಟಿಗೆ, ಅದಕ್ಕೆ ಯಾರು ಡ್ರೈವರು, ಯಾರು ಕಂಡಕ್ಟರು ಎಂಬುದನ್ನು ಸಂಜೆ ಐದು ಗಂಟೆಗೆ ಶೆಡ್ಡಿನ ಗೋಡೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಮುಖ್ಯ ಕೆಲಸ. ಅದಕ್ಕೆ ಡ್ಯೂಟಿ ಬೋರ್ಡು ಎನ್ನುತ್ತಿದ್ದೆವು. ಇಪ್ಪತ್ತೆರಡು ವರ್ಷ ಆ ಬೋರ್ಡು ಬರೆದಿದ್ದೇನೆ.

ಸಂಬಳವಿಲ್ಲದ ಇನ್ನೊಂದು ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ಶೆಡ್ಡಿನವರ ಅರ್ಜಿಗಳನ್ನೆಲ್ಲ ನಾನೇ ಬರೆಯಬೇಕು. ರಜೆ ಅರ್ಜಿ, ರೇಷನ್ ಕಾರ್ಡಿಗೆ ಹೆಸರು ಸೇರಿಸುವ ಅರ್ಜಿ, ಮಗಳ ಹಾಸ್ಟೆಲಿನ ಅರ್ಜಿ, ಕರೆಂಟು ಕಂಬ ವಾಲಿದೆ ಎಂಬ ದೂರು. ಒಮ್ಮೆ ಒಬ್ಬ ಕಂಡಕ್ಟರನ ಹೆಂಡತಿ ಮುನಿಸಿಕೊಂಡು ತವರಿಗೆ ಹೋದಾಗ ಅವಳಿಗೂ ನಾನೇ ಪತ್ರ ಬರೆದುಕೊಟ್ಟೆ. ಅವಳು ಮೂರೇ ದಿನಕ್ಕೆ ವಾಪಸ್ಸು ಬಂದಳು. ಇಷ್ಟು ಚಂದದ ಅಕ್ಷರ ನಿಮ್ಮದಲ್ಲ, ಮನೆ ವಿಷಯವನ್ನು ಯಾರಿಗೆ ಹೇಳಿ ಬರೆಸಿದಿರಿ ಎಂದು ಗಂಡನಿಗೆ ಬೈಯಲಿಕ್ಕೇ ಬಂದಿದ್ದಳಂತೆ.

ನಮ್ಮಲ್ಲಿ ಒಂದು ರೂಢಿ ಇತ್ತು. ನಾನು ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಓದಲು ಬಾರದವರೇನಲ್ಲ, ಬೆಳಿಗ್ಗೆ ಪೇಪರಿಗಾಗಿ ಕಿತ್ತಾಡುವ ಜನ. ಆದರೆ ರೈಟರು ಬರೆದ ಕಾಗದವನ್ನು ಅವರ ಎದುರಿಗೇ ಓದಿ ಸಹಿ ಹಾಕಿದರೆ ಅವರ ಮೇಲೆ ನಂಬಿಕೆ ಇಲ್ಲ ಎಂದಾಗುತ್ತದೆ, ಅದು ಮರ್ಯಾದೆ ಅಲ್ಲ ಎಂದು ಅವರವರೇ ತೀರ್ಮಾನ ಮಾಡಿಕೊಂಡಿದ್ದರು. "ಎಲ್ಲಿ ಹಾಕೂದು ರೈಟ್ರೇ?" ಎಂದು ಕೇಳಿ ನಾನು ಬೆರಳಿಟ್ಟ ಕಡೆ ಗೀಚಿ ಹೋಗುತ್ತಿದ್ದರು. ನನಗೆ ಅದೊಂದು ದೊಡ್ಡ ಹೆಮ್ಮೆ. ಈಗ ನೆನೆಸಿಕೊಂಡರೆ ಬಾಯಿ ಕಹಿಯಾಗುತ್ತದೆ.

ಅವರಲ್ಲಿ ಸಾಗರದ ರೂಟಿನ ಡ್ರೈವರು ನನಗೆ ತೀರಾ ಹತ್ತಿರದವರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅಣ್ಣ ಎನ್ನುತ್ತಿದ್ದೆ. ಅವರು ರೈಟ್ರೇ ಎನ್ನುತ್ತಿದ್ದರು, ನಾನು ಚಿಕ್ಕವನೆಂದು ಬಹುವಚನ ಬಿಟ್ಟವರಲ್ಲ. ಅವರ ಊರು ಹೊಸನಗರದ ಹತ್ತಿರ. ಬಸ್ಸು ರಾತ್ರಿ ಹೊಸನಗರದಲ್ಲಿ ನಿಂತು, ಬೆಳಿಗ್ಗೆ ಆರಕ್ಕೆ ಹೊರಟು, ರಿಪ್ಪನ್‌ಪೇಟೆ, ಕೋಣಂದೂರಿನ ಮೇಲೆ ತೀರ್ಥಹಳ್ಳಿಗೆ ಬಂದು, ಆಮೇಲೆ ಅದೇ ದಾರಿಯಲ್ಲಿ ತಿರುಗಿ ಸಾಗರದವರೆಗೆ ಹೋಗುತ್ತಿತ್ತು. ನನ್ನ ಮನೆ ಕೋಣಂದೂರಿನಲ್ಲಿ, ರಸ್ತೆಗೇ ಅಂಟಿಕೊಂಡ ಹಾಗೆ. ಮನೆಗಿಂತ ಹಿಂದಿನ ತಿರುವಿನಲ್ಲಿ ಅವರು ಎರಡು ಸಲ ಸಣ್ಣಗೆ ಹಾರ್ನ್ ಒತ್ತುತ್ತಿದ್ದರು. "ಬಂತು ನಿಮ್ಮ ಅಣ್ಣನ ಬಸ್ಸು" ಎಂದು ಹೆಂಡತಿ ನನ್ನ ಕೈಯಿಂದ ಚಹಾದ ಲೋಟ ಕಸಿದುಕೊಳ್ಳುವಳು. ವರ್ಷಾನುಗಟ್ಟಲೆ ಹೀಗೆ ಅರ್ಧ ಲೋಟ ಚಹಾ ಕುಡಿದೇ ಕೆಲಸಕ್ಕೆ ಹೋಗಿದ್ದೇನೆ.

ಲಾಕ್‌ಡೌನ್ ಬಂದಾಗ ಹನ್ನೊಂದು ಬಸ್ಸುಗಳೂ ಶೆಡ್ಡಿನಲ್ಲಿ ನಿಂತವು. ಟೈರಿನ ಬುಡದಲ್ಲಿ ಹುಲ್ಲು ಹುಟ್ಟಿತು, ಇಲಿಗಳು ವೈರು ಕಡಿದವು. ಮತ್ತೆ ಬಸ್ಸು ಬಿಡಬಹುದು ಎಂದಾಗ ಹತ್ತುವವರೇ ಇಲ್ಲ. ಕಾಲೇಜುಗಳು ಇನ್ನೂ ತೆರೆದಿರಲಿಲ್ಲ. ಸಂತೆಗೆ ಹೋಗುವವರು ಬೈಕು, ಸ್ಕೂಟಿ ಹತ್ತಿದ್ದರು. ಒಮ್ಮೆ ಸ್ಕೂಟಿ ಹತ್ತಿದವರು ಬಸ್ಸಿಗೆ ಯಾಕೆ ಕಾಯುತ್ತಾರೆ? ಡೀಸೆಲ್ ದರ ಮಾತ್ರ ನಮಗಾಗಿ ಕಾಯದೆ ಮೇಲಕ್ಕೆ ಹೋಗಿತ್ತು.

ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಸಾಹುಕಾರರು ನನ್ನನ್ನು ಮನೆಗೆ ಕರೆಸಿದರು. ಸಾಹುಕಾರರು ಎಂದರೆ ಬಸ್ಸುಗಳ ಯಜಮಾನರು. ಅವರು ಕೆಟ್ಟವರಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ಅವರ ಪರವಾಗಿ ಬರೆಯುವುದು ನನ್ನ ಹಳೆಯ ಚಾಳಿ. ಅವರಿಗೂ ಕಷ್ಟ ಇತ್ತು, ಅದು ಸುಳ್ಳಲ್ಲ. ಮುಖ ಇಳಿದಿತ್ತು, ಗಡ್ಡ ಬೆಳೆದಿತ್ತು.

"ಹನ್ನೊಂದರಲ್ಲಿ ಐದು ಬಸ್ಸು ಬಿಡೂದು ಅಂತ ಮಾಡಿದ್ದೀನಿ" ಎಂದರು. "ಉಳಿದ ಆರು ಬಸ್ಸಿನ ಜನಾನ ಇಟ್ಕಂಡು ನಾ ಎಂತ ಮಾಡ್ಲಿ? ಹನ್ನೆರಡು ಜನ. ನಾನೇ ತೆಗೆದೆ ಅಂತಾದ್ರೆ ನಾಳೆ ಕೇಸು ಹಾಕ್ತಾರೆ. ಅವ್ರೇ ಬಿಟ್ರು ಅಂತಾದ್ರೆ ಯಾರಿಗೂ ತಾಪತ್ರಯ ಇಲ್ಲ. ಎಲ್ಲಾ ಸರಿಯಾದ್ಮೇಲೆ ನಾನೇ ಕರೀತೀನಿ, ಅಲ್ದಾ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೋಲಾಗಲು ನಾನು ಸಿಕ್ಕಿದ್ದೆ. ಬರೆಯಬೇಕಾದ ಮಾತುಗಳನ್ನು ಅವರೇ ಹೇಳಿದರು: ನನ್ನ ಸ್ವಂತ ಕಾರಣಗಳಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.

"ಅವ್ರು ಕೇಳಿದ್ರೆ ಎಂತ ಹೇಳೂದು?" ಎಂದೆ.

"ನೀ ಬರೆದದ್ದನ್ನ ಅವ್ರು ಯಾವತ್ತು ಓದಿದ್ದಾರೆ ಮಾರಾಯ?" ಎಂದರು ಸಾಹುಕಾರರು. ಬಾಗಿಲವರೆಗೆ ಬಂದು, ನಾನು ಕೇಳದಿದ್ದರೂ, "ನಿನ್ನ ಕೆಲ್ಸಕ್ಕೇನೂ ತೊಂದ್ರೆ ಇಲ್ಲ, ತಲೆಬಿಸಿ ಮಾಡ್ಕಬೇಡ" ಎಂದರು.

ಆ ಕೊನೆಯ ಮಾತು ಹೇಳದೆ ಇದ್ದಿದ್ದರೆ ನಾನು ಬರೆಯುತ್ತಿರಲಿಲ್ಲವೇ? ಗೊತ್ತಿಲ್ಲ. ಬರೆಯುತ್ತಿದ್ದೆ ಎಂದೇ ಕಾಣುತ್ತದೆ. ಭಾನುವಾರ ಮನೆಯ ಜಗಲಿಯಲ್ಲಿ ಕೂತು ಹನ್ನೆರಡು ರಾಜೀನಾಮೆ ಬರೆದೆ. ಒಂದರಲ್ಲೂ ಚಿತ್ತು ಕಾಟು ಇಲ್ಲ. ಹೆಂಡತಿ ಹಿಂದಿನಿಂದ ಬಂದು ಎಂತ ಬರೆಯುವುದು ಎಂದಾಗ, ಆಫೀಸಿಂದು ಎಂದೆ.

ಸೋಮವಾರ ಶೆಡ್ಡಿನಲ್ಲಿ ಒಬ್ಬೊಬ್ಬರಿಂದ ಸಹಿ ಹಾಕಿಸಿದೆ. ಇಬ್ಬರು ಮೂವರು "ಎಂತದು ರೈಟ್ರೇ?" ಎಂದರು. "ಒಂದು ಅರ್ಜಿ. ಬಸ್ಸು ಕಮ್ಮಿ ಬಿಡ್ತಾರಲ್ಲ, ಸ್ವಲ್ಪ ದಿನ ಅಷ್ಟೇ, ಆಮೇಲೆ ಕರೀತಾರೆ" ಎಂದೆ. ನಾನು ಹೇಳಿದ್ದರಲ್ಲಿ ಪೂರಾ ಸುಳ್ಳು ಯಾವುದೂ ಇಲ್ಲ ಎಂದು ಆ ದಿನವೆಲ್ಲ ನನಗೆ ನಾನೇ ಹೇಳಿಕೊಂಡೆ.

ಅಣ್ಣ ಬಸ್ಸಿನ ಆಯಿಲ್ ನೋಡುತ್ತಿದ್ದರು. ಕಾಗದ ಕೊಳೆಯಾಗಬಾರದೆಂದು ಕೈಯನ್ನು ಎರಡೆರಡು ಸಲ ಬಟ್ಟೆಗೆ ಒರೆಸಿಕೊಂಡರು. ಡ್ರೈವರ್ ಸೀಟಿನ ಪಕ್ಕದ ಬಾನೆಟ್ಟಿನ ಮೇಲೆ ಅದನ್ನು ಇಟ್ಟು, ನಾನು ಬೆರಳಿಟ್ಟ ಕಡೆ ಸಹಿ ಹಾಕಿದರು. "ನಿಮ್ಮ ಅಕ್ಷರದ ಕೆಳಗೆ ನನ್ನ ಸಹಿ ಕಾಗೆ ಕಾಲು ಊರಿದಂಗೆ ಕಾಣ್ತದೆ ಕಣ್ರೀ" ಎಂದು ನಕ್ಕರು. ನಾನೂ ನಕ್ಕೆ.

ಆ ಸಂಜೆ ಬೋರ್ಡಿನಲ್ಲಿ ಐದು ಬಸ್ಸಿನ ಹೆಸರಷ್ಟೇ ಬರೆದೆ. ಕೆಳಗಿನ ಅರ್ಧ ಹಲಗೆ ಖಾಲಿ.

ಯಾರಿಗೂ ಯಾರೂ ನಿನಗೆ ಕೆಲಸವಿಲ್ಲ ಎಂದು ಹೇಳಲಿಲ್ಲ. ಹನ್ನೆರಡು ಜನ ಬರುವರು, ಬೋರ್ಡು ನೋಡುವರು, ಶೆಡ್ಡಿನ ಉದ್ದ ಬೆಂಚಿನ ಮೇಲೆ ಕೂರುವರು. ನಾಳೆ ನೋಡುವಾ ಎಂದು ನಾನು ಹೇಳುವುದು, ಅವರು ಎದ್ದು ಹೋಗುವುದು. ಒಂದು ತಿಂಗಳಲ್ಲಿ ಮೂವರು ಬರುವುದು ಬಿಟ್ಟರು. ಒಬ್ಬ ಉಡುಪಿಯ ಕಡೆ ಹೋಟೆಲಿಗೆ ಸೇರಿದ, ಇಬ್ಬರು ಎಸ್ಟೇಟಿಗೆ ಹೋದರು. ಅಣ್ಣ ಮಾತ್ರ ದಿನಾ ಹೊಸನಗರದಿಂದ ಬೇರೆಯವರ ಬಸ್ಸಿನಲ್ಲಿ ಹತ್ತಿ ಬರುತ್ತಿದ್ದರು. ನಾನು ಕೋಣಂದೂರಿನಲ್ಲಿ ಅದೇ ಬಸ್ಸು ಹತ್ತುತ್ತಿದ್ದೆ. ಸೀಟು ಖಾಲಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಆ ಬಸ್ಸಿನ ಡ್ರೈವರು ಗೇರು ತಪ್ಪಿಸಿದರೆ ಅವರ ಎಡಗಾಲು ಅದರಷ್ಟಕ್ಕೆ ಕ್ಲಚ್ ಒತ್ತುವುದನ್ನು ನೋಡಿದ್ದೇನೆ.

ಬೆಂಚಿನ ಮೇಲಿನ ಮಾತು ದಿನದಿಂದ ದಿನಕ್ಕೆ ಬಿಸಿಯಾಯಿತು. ಮೊದಮೊದಲು ಸರಕಾರಕ್ಕೆ ಬೈದರು, ಆಮೇಲೆ ರೋಗಕ್ಕೆ. ಸಾಹುಕಾರರ ಮನೆಗೆ ಹೊಸ ಗೇಟು ಹಾಕಿಸಿದ್ದು ಕಂಡ ಮೇಲೆ ಬೈಗುಳ ನೆಟ್ಟಗೆ ವಿಳಾಸಕ್ಕೆ ಹೋಗತೊಡಗಿತು. "ಗಾಡಿಗೆ ಕೆಲ್ಸ ಇಲ್ದಿದ್ರೆ ಟಾರ್ಪಾಲಾದ್ರೂ ಹೊಚ್ಚಿದ್ದಾನೆ, ನಮ್ಗೆ ಅದೂ ಇಲ್ಲ" ಎಂದ ಒಬ್ಬ ಕಂಡಕ್ಟರ್. ಬಾಯಿ ಜೋರಿನವನು, ಮುನಿಸಿಕೊಂಡ ಹೆಂಡತಿಯ ಗಂಡ ಅವನೇ. ನಾನು ಒಳಗೆ ಕೂತು ಟ್ರಿಪ್ ಶೀಟು ಬರೆಯುತ್ತಿದ್ದೆ. ಅವರೆಲ್ಲ ಸಾಹುಕಾರರಿಗೆ ಬೈಯುವಾಗ ನನಗೆ ಒಳಗೊಳಗೇ ಸಮಾಧಾನ ಆಗುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಆಯುಧ ಪೂಜೆ ಬಂತು. ಬಸ್ಸು ಯಾರದೇ ಇರಲಿ, ಅದರ ಪೂಜೆ ಅದನ್ನು ಓಡಿಸುವವನದ್ದು. ಹಿಂದಿನ ದಿನವೇ ಡ್ರೈವರೂ ಕಂಡಕ್ಟರೂ ಬಸ್ಸು ತೊಳೆಯಬೇಕು, ಎರಡೂ ಕಡೆ ಬಾಳೆಕಂದು ಕಟ್ಟಬೇಕು, ಸೇವಂತಿಗೆ ಸರ ಏರಿಸಬೇಕು. ಸಾಹುಕಾರರು ಬಂದು ಬೂದುಗುಂಬಳ ಒಡೆದು ಮಂಡಕ್ಕಿ ಪೊಟ್ಟಣ ಹಂಚುತ್ತಾರೆ. ಕೊನೆಗೆ ಡ್ರೈವರು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿದರೆ ಪೂಜೆ ಮುಗಿದಂತೆ.

ಹಬ್ಬದ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಒಂಬತ್ತು ಜನ ಆಗಲೇ ಅಲ್ಲಿದ್ದರು. ಅಣ್ಣ, ಆ ಬಾಯಿ ಜೋರಿನವನು, ಉಳಿದ ಏಳು ಮಂದಿ. ತಲೆಗೆ ಸ್ನಾನ ಮಾಡಿ ಇಸ್ತ್ರಿ ಹಾಕಿದ ಖಾಕಿ ತೊಟ್ಟಿದ್ದರು. ನಿಂತ ಆರು ಬಸ್ಸಿನ ಟಾರ್ಪಾಲು ಬಿಚ್ಚಿ ತೊಳೆದಿದ್ದರು. ಬಾಳೆಕಂದು ಅವರವರ ಮನೆಯಿಂದಲೇ ತಂದದ್ದು. ಅಣ್ಣ ತಮ್ಮ ಬಸ್ಸಿನ ಸ್ಟೇರಿಂಗಿಗೆ ಕುಂಕುಮ ಇಟ್ಟು ಕೆಳಗಿಳಿದು ನಿಂತಿದ್ದರು. ಓಡುವ ಐದು ಬಸ್ಸಿಗಿಂತ ನಿಂತ ಆರು ಬಸ್ಸುಗಳೇ ಹೆಚ್ಚು ಹೊಳೆಯುತ್ತಿದ್ದವು.

ಹತ್ತು ಗಂಟೆಗೆ ಸಾಹುಕಾರರ ಕಾರು ಬಂತು. ಒಂಬತ್ತು ಜನರನ್ನು ನೋಡಿ ಅವರ ಮುಖ ಒಮ್ಮೆ ಬಿಳಿಚಿಕೊಂಡಿತು. ಹಬ್ಬದ ದಿನ ಯಾರನ್ನಾದರೂ ಹೊರಗೆ ಹೋಗು ಎನ್ನುವುದು ಹೇಗೆ? ಎಲ್ಲರಿಗೂ ಮಂಡಕ್ಕಿ ಪೊಟ್ಟಣ ಕೊಡುತ್ತ ಬಂದರು. ಅಣ್ಣ ಎರಡೂ ಕೈ ಒಡ್ಡಿ ತಗೊಂಡು ಕಣ್ಣಿಗೊತ್ತಿಕೊಂಡರು. ಪ್ರಸಾದ ಬೇಡ ಎನ್ನುವವರಲ್ಲ. ಆಮೇಲೆ ನಿಧಾನಕ್ಕೆ ನಡೆದು ಹೋಗಿ ಆ ಪೊಟ್ಟಣವನ್ನು ಸಾಹುಕಾರರ ಕಾರಿನ ಬಾನೆಟ್ಟಿನ ಮೇಲೆ ಇಟ್ಟರು. ಹಿಂದೆಯೇ ಉಳಿದ ಎಂಟು ಜನ ಒಬ್ಬೊಬ್ಬರಾಗಿ ಹೋಗಿ ಇಟ್ಟರು. ಒಂಬತ್ತು ಪೊಟ್ಟಣ ಸಾಲಾಗಿ ಕೂತವು.

"ಪೂಜೆ ಆಯ್ತು ಸಾವ್ಕಾರ್ರೇ. ಇನ್ನು ಡ್ಯೂಟಿ ಹೇಳಿ" ಎಂದರು ಅಣ್ಣ.

"ಇದೆಲ್ಲ ಮಾತಾಡೋ ದಿನವಾ ಇದು?"

"ಯಾವ ದಿನ ಮಾತಾಡೂದು ಹೇಳಿ, ಆ ದಿನ ಬತ್ತೀವಿ. ನಾಲ್ಕು ತಿಂಗ್ಳಾತು ಬೆಂಚಲ್ಲಿ ಕೂತು."

ಕಂಡಕ್ಟರ್ ಮುಂದೆ ನುಗ್ಗಿದ. "ಮನೆ ನಾಯಿ ಬ್ಯಾಡ ಅಂದ್ರೆ ಅದಕ್ಕಾದ್ರೂ ಹಚಾ ಅಂತಾರೆ. ನೀವು ನಮ್ಗೆ ಅದನ್ನೂ ಹೇಳ್ಲಿಲ್ಲ! ನಾವು ಓಡಿಸಿದ ಬಸ್ಸಲ್ಲೇ ಅಲ್ವಾ ನಿಮ್ಮ ಮನೆ ಎದ್ದದ್ದು?" ಅವನ ಕೊರಳ ನರ ಉಬ್ಬಿತ್ತು. ಇನ್ನೊಬ್ಬ ಯಾರೋ ಬಾಳೆಕಂದು ಕಿತ್ತು ನೆಲಕ್ಕೆ ಬಡಿದ. ಕೆಲಸ ಉಳಿದ ಐದು ಡ್ರೈವರುಗಳು ತಮ್ಮ ತಮ್ಮ ಬಸ್ಸಿನ ಮರೆಗೆ ಸರಿದರು.

ಆಗ ಸಾಹುಕಾರರು ಕಾರಿನಿಂದ ಒಂದು ಫೈಲು ತೆಗೆದರು. ಸಹಿಯಾದ ಕಾಗದಗಳನ್ನು ನಾನೇ ಹಾಕಿಕೊಟ್ಟಿದ್ದ ನೀಲಿ ರಟ್ಟಿನ ಫೈಲು.

"ನಾನು ಯಾರನ್ನೂ ತೆಗ್ದಿಲ್ಲ. ನೀವೇ ಬಿಟ್ಟದ್ದು. ಬರೆದು ಸಹಿ ಹಾಕಿ ಕೊಟ್ಟಿದ್ದೀರಿ. ನೋಡ್ಕಳಿ."

ಕಾಗದಗಳು ಕೈಯಿಂದ ಕೈಗೆ ಹೋದವು. ನಾನು ಬರೆದದ್ದನ್ನು ಅವರು ಓದಿದ್ದು ಅದೇ ಮೊದಲು. "ಸ್ವಇಚ್ಛೆಯಿಂದ" ಎಂದು ಒಬ್ಬ ಗಟ್ಟಿಯಾಗಿ ಓದಿದ, ಮತ್ತೆ ಅದನ್ನೇ ಓದಿದ. "ಯಾರು ಬರೆದದ್ದು ಇದನ್ನ?" ಎಂದು ಯಾರೋ ಕೇಳಿದರು. ಕೇಳುವುದೇನಿತ್ತು? ಇಪ್ಪತ್ತೆರಡು ವರ್ಷ ಗೋಡೆಯ ಮೇಲೆ ದಿನಾ ಕಂಡ ಅಕ್ಷರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಒಡೆಯಲು ಇಟ್ಟಿದ್ದ ಬೂದುಗುಂಬಳದ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದೆ.

ಕಂಡಕ್ಟರ್ ಬಂದು ನನ್ನ ಎದೆಗೆ ಕೈ ಹಚ್ಚಿ ದೂಡಿದ. ಬಸ್ಸಿಗೆ ಒರಗಿಕೊಂಡೆ. ಇನ್ನೂ ಎರಡು ಬಿಟ್ಟಿದ್ದರೆ ಒಳ್ಳೆಯದಿತ್ತು. ಅಷ್ಟರಲ್ಲಿ ಅಣ್ಣ ಅವನ ತೋಳು ಹಿಡಿದು ಎಳೆದರು. ನನ್ನ ಕಡೆ ನೋಡಲೂ ಇಲ್ಲ. "ಓದ್ಬೇಕಿತ್ತು" ಎಂದರು. ನನಗೆ ಹೇಳಿದ್ದಲ್ಲ, ತಮಗೆ ತಾವೇ ಹೇಳಿಕೊಂಡದ್ದು. ಒಂಬತ್ತು ಜನ ಹೊರಟು ಹೋದ ಮೇಲೆ ಸಾಹುಕಾರರು ಕುಂಬಳ ಒಡೆದರು, ಐದು ಬಸ್ಸುಗಳು ನಿಂಬೆಹಣ್ಣು ಅಪ್ಪಚ್ಚಿ ಮಾಡಿದವು. ಕಾರಿನ ಮೇಲಿನ ಪೊಟ್ಟಣಗಳನ್ನು ನಾನೇ ತೆಗೆದೆ.

ಅಣ್ಣ ರಿಪ್ಪನ್‌ಪೇಟೆಯ ಒಂದು ಸಿಮೆಂಟ್ ಅಂಗಡಿಯ ಪಿಕಪ್ ಓಡಿಸತೊಡಗಿದರು. ವಾರದಲ್ಲಿ ಎರಡು ಮೂರು ಸಲ ನನ್ನ ಮನೆ ಮುಂದೆಯೇ ಹಾದು ಹೋಗುತ್ತಿದ್ದರು. ತಿರುವಿನಲ್ಲಿ ಹಾರ್ನ್ ಇಲ್ಲ. ನಾನು ಚಹಾ ಪೂರ್ತಿ ಕುಡಿಯಲು ಕಲಿತೆ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವರು ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಬಿಳಿ ಹಾಳೆಗಳ ಸುರುಳಿ, ಅವರೇ ಅಂಗಡಿಯಿಂದ ತಂದದ್ದು. ಹೆಂಡತಿ ಚಹಾ ತಂದಿಟ್ಟಳು. ಮುಟ್ಟಲಿಲ್ಲ.

"ಲೇಬರ್ ಆಫೀಸಿಗೆ ಹೋಗಿದ್ದೆ" ಎಂದರು. "ರಾಜೀನಾಮೆ ನೀವೇ ಕೊಟ್ಟದ್ದಲ್ಲ ಅಂತಾದ್ರೆ, ಹೆಂಗೆ ಆಯ್ತು ಅಂತ ಬರೆದು ದೂರು ಕೊಡಿ ಅಂದ್ರು. ನೀವು ಬರೀಬೇಕು."

"ನಾನಾ ಅಣ್ಣ?"

"ಹೌದು. ಹನ್ನೆರಡು ರಾಜೀನಾಮೆ ಬರೆದ ಕೈಯೇ ಇದನ್ನೂ ಬರೀಬೇಕು. ಅಕ್ಷರ ಒಂದೇ ಅಂತ ಅವ್ರಿಗೆ ಗೊತ್ತಾಗ್ಬೇಕು. ಹನ್ನೆರಡು ಜನ ಒಂದೇ ದಿನ ಒಂದೇ ಅಕ್ಷರದಲ್ಲಿ ಸ್ವಂತ ಕಾರಣಕ್ಕೆ ಕೆಲ್ಸ ಬಿಡ್ತಾರಾ?"

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ ಅಷ್ಟು ನೆಟ್ಟಗೆ ಯೋಚನೆ ಮಾಡಿ ಬಂದಿದ್ದರು. ಅದನ್ನು ಬರೆದರೆ ನನ್ನ ಕೆಲಸ ಉಳಿಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಾಗೆಯೇ ಆಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ದೂರು ಕೊಟ್ಟ ವಾರದೊಳಗೆ ಸಾಹುಕಾರರು ನನ್ನಿಂದ ನನ್ನದೇ ರಾಜೀನಾಮೆ ಬರೆಸಿಕೊಂಡರು. ಓದಿಯೇ ಸಹಿ ಹಾಕಿದೆ. ಅಣ್ಣನ ದೂರು ವಿಚಾರಣೆಯಿಂದ ವಿಚಾರಣೆಗೆ ಹೋಗುತ್ತ ಇದೆ, ಬಸ್ಸುಗಳೂ ಮಾರಾಟವಾಗಿ ಹೋದವು. ಅದೆಲ್ಲ ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಆ ಬೆಳಿಗ್ಗೆ ಜಗಲಿಯಲ್ಲಿ ನಡೆದದ್ದನ್ನು ಮಾತ್ರ ಹಾಕಿಕೊಳ್ಳಲು ಆಗಿಲ್ಲ.

ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಎಷ್ಟು ವರ್ಷದ ಸರ್ವಿಸು, ಯಾವ ರೂಟು, ಲಾಕ್‌ಡೌನ್, ಬೆಂಚು. ಸಹಿಯ ವಿಷಯ ಬಂದಾಗ ಅವರು ರಸ್ತೆಯ ಕಡೆ ನೋಡುತ್ತ, "ನಮ್ಮ ರೈಟರು ಇದು ಬೇರೆ ಎಂತದೋ ಅರ್ಜಿ ಅಂತ ಹೇಳಿ ನಮ್ಮಿಂದ ಸಹಿ ಹಾಕಿಸಿಕೊಂಡರು" ಎಂದರು. ನನ್ನ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಹೊರಟಿತು. ಬರೆದು ಮುಗಿಸಿ, ಎಂದಿನಂತೆ ಕೆಳಗೆ ಸಹಿಯ ಜಾಗದಲ್ಲಿ ಬೆರಳಿಟ್ಟು ಅವರ ಕಡೆ ತಿರುಗಿಸಿದೆ.

"ತಡೀರಿ" ಎಂದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಮೊದಲ ಸಾಲಿನ ಕೆಳಗೆ ತೋರುಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದತೊಡಗಿದರು. ಒಂದೊಂದು ಸಾಲಿಗೂ ನಿಂತು, ಮುಂದಿನದಕ್ಕೆ ಇಳಿದು, ಓದಿದರು. ಅಷ್ಟು ಹೊತ್ತು ನಾನು ಎಲ್ಲಿ ನೋಡಲಿ? ಚಹಾದ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತ ಕೂತೆ. ಬೆರಳು ಎರಡನೇ ಹಾಳೆಯ ನಡುವೆ ನಿಂತಿತು.

"ಇಲ್ಲಿ 'ಆಫೀಸಿನವರು ಸಹಿ ಹಾಕಿಸಿಕೊಂಡರು' ಅಂತ ಇದೆ. ನಾ ಹೇಳಿದ್ದು ಹಂಗಲ್ಲ."

ಎರಡನೇ ಸಲವೂ ಅದೇ ಮನುಷ್ಯನಿಗೆ ಅದನ್ನೇ ಮಾಡಲು ಹೋಗಿದ್ದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಸಾಹುಕಾರರ ಎದುರು ನಿಂತು ಡ್ಯೂಟಿ ಕೇಳಿದ ಮನುಷ್ಯ ನನಗೆ ಒಂದು ಬೈಗುಳವನ್ನೂ ಕೊಡದೆ ಸುರುಳಿಯಿಂದ ಇನ್ನೊಂದು ಹಾಳೆ ಎಳೆದು ನನ್ನ ಮುಂದಿಟ್ಟರು.

ಮತ್ತೆ ಬರೆದೆ. ಈ ಸಲ 'ರೈಟರು' ಎಂದೇ ಬರೆದೆ. ಮತ್ತೆ ಬೆರಳಿಟ್ಟು ಓದಿದರು, ಸಹಿ ಹಾಕಿದರು.

"ಇನ್ನೊಂದು ಪ್ರತಿ ಮಾಡಿ. ನನ್ನ ಹತ್ರ ಒಂದಿರ್ಲಿ" ಎಂದರು.

ಮೊದಲನೆಯದನ್ನು ಎದುರಿಗೇ ಇಟ್ಟುಕೊಂಡು, ಅವರ ಕಣ್ಣ ಮುಂದೆಯೇ, ಅಕ್ಷರಕ್ಕೆ ಅಕ್ಷರ ಇಳಿಸಿಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ಅದನ್ನೂ ಮೊದಲ ಸಾಲಿನಿಂದ ಓದಿದರು.